ಅಳಿಸುವ ಮುನ್ನ ಕಾರಣ ಹೇಳಿ

ಮಾನ್ಯ ಸಂಪಾದಕರೇ,

ಹೆರಿಗೆ ನೋವಿನ ಕುರಿತು ನಾನು ಬರೆದ ಕವಿತೆಯನ್ನು ಜಾಲತಾಣವೊಂದು ಅಳಿಸಿಹಾಕಿದೆ. ‘ನಿಯಮ ಉಲ್ಲಂಘನೆ’ ಎಂದಷ್ಟೇ ಹೇಳಿತು. ಯಾವ ನಿಯಮ, ಯಾವ ಸಾಲು ಎಂಬ ವಿವರವಿಲ್ಲ. ಮೇಲ್ಮನವಿಗೂ ಯಂತ್ರದ್ದೇ ಉತ್ತರ. ಕವಿತೆಯ ಪ್ರತಿ ನನ್ನ ಬಳಿ ಇದೆ. ಹೋದದ್ದು ಅದರ ಮೇಲೆ ನಡೆದ ಚರ್ಚೆ. ಮೂರನೇ ಸಾಲಿನಲ್ಲಿ ಲಯ ಎಡವುತ್ತಿದೆ ಎಂದು ಒಬ್ಬರು ಮಾತ್ರೆ ಎಣಿಸಿ ತೋರಿಸಿದ್ದರು. ದಾದಿಯೊಬ್ಬರು ಕೊನೆಯ ಚರಣ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದರು. ನಮ್ಮಂಥ ಹವ್ಯಾಸಿಗಳಿಗೆ ಇಂಥ ಅಪರಿಚಿತ ಓದುಗರೇ ಗುರುಗಳು.

ಜನರಿಗಿರುವ ಹಕ್ಕುಗಳು ಆನ್‌ಲೈನ್‌ನಲ್ಲೂ ರಕ್ಷಣೆ ಪಡೆಯಬೇಕೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2012ರಲ್ಲೇ ನಿರ್ಣಯಿಸಿದೆ. ದ್ವೇಷ, ಬೆದರಿಕೆಯ ಬರಹ ತೆಗೆಯಲಿ, ತಕರಾರಿಲ್ಲ. ಆದರೆ ಬರೆದವರಿಗೆ ಕಾರಣ ತಿಳಿಸಬೇಕು, ಮೇಲ್ಮನವಿಯನ್ನು ಯಂತ್ರವೊಂದೇ ತೀರ್ಮಾನಿಸಬಾರದು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯ್ದೆಯಲ್ಲಿ ಇವೆರಡೂ ಇವೆ. ಉಳಿದ ದೇಶಗಳೂ ತರಲಿ.

— ಒಬ್ಬ ಹವ್ಯಾಸಿ ಕವಯಿತ್ರಿ