ಅಂಗನವಾಡಿಯಲ್ಲೇ ಶುರುವಾಗಲಿ

ಮಾನ್ಯರೇ,

ಹೆಣ್ಣುಮಕ್ಕಳಿಗೆ ತಂತ್ರಜ್ಞಾನದ ರುಚಿಯನ್ನು ಅಂಗನವಾಡಿಯಿಂದಲೇ ಹತ್ತಿಸಬೇಕು. ಪಿಯುಸಿಯಲ್ಲಿ ‘ಸೈನ್ಸ್ ತಗೋ’ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮ ಮನೆಯಲ್ಲೇ ಮೊಮ್ಮಗನಿಗೆ ಕೀ ಕೊಟ್ಟರೆ ಓಡುವ ಕಾರು, ಮೊಮ್ಮಗಳಿಗೆ ಅಡುಗೆ ಸೆಟ್ಟು. ತಂದವನು ನಾನೇ! ಅವಳು ಅಣ್ಣನ ಕಾರು ಬಿಚ್ಚಿ ಕೂತಾಗ ಸುಮ್ನೆ ಬೈದವನೂ ನಾನೇ.

ರಾಜೇಶ್ವರಿ ಚಟರ್ಜಿ 1953ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೋಧಕಿಯಾಗಿ ಸೇರಿ, ಮೈಕ್ರೋವೇವ್ ಎಂಜಿನಿಯರಿಂಗ್ (ರೇಡಾರ್, ದೂರಸಂಪರ್ಕದಲ್ಲಿ ಬಳಸುವ ಅಲೆಗಳ ವಿದ್ಯೆ) ಕಲಿಸಿದರು. ಚಿಕ್ಕಂದಿನಲ್ಲಿ ಅವರು ಓದಿದ್ದು ಅಜ್ಜಿ ಕಮಲಮ್ಮ ದಾಸಪ್ಪ ಕಟ್ಟಿದ ಶಾಲೆಯಲ್ಲಿ. ಮನೆಯ ಹಿರಿಯರ ಒತ್ತಾಸೆ ಎಂದರೆ ಅದು, ಅಲ್ವಾ?

ಅಂಗನವಾಡಿಗೆ ಟ್ಯಾಬು ಬೇಡ. ದೊಡ್ಡ ಅಯಸ್ಕಾಂತ, ಟಾರ್ಚು, ಬಿಚ್ಚಿ ಜೋಡಿಸುವ ಚಕ್ರಗಳು ಸಾಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇವನ್ನು ಒದಗಿಸಿ, ಹುಡುಗಿಯರ ಕೈಗೂ ಕೊಡುವಂತೆ ಕಾರ್ಯಕರ್ತೆಯರಿಗೆ ತರಬೇತಿ ನೀಡಲಿ.

– ಒಬ್ಬ ತಾತ, ತಿಪಟೂರು