ಮಗಳಿಗೊಂದು ಪತ್ರ: ಹಸ್ತ ಮಳಿ ಇನ್ನೂ ಹೋಗಿಲ್ಲ

ಅವ್ವಿ,

ನಿನ್ನೆ ಮಾತು ಅರ್ಧಕ್ಕ ಬಿಟ್ಟು ಫೋನು ಇಟ್ಟಿ. ಬೆಂಗಳೂರಾಗ ನಿಮ್ಮಕ್ಕನ ಬಾಣಂತನ ಮಾಡಕೋಂತ ಕುಂತೀನಿ, ಜೀವ ಮಾತ್ರ ಕುಷ್ಟಗಿ ಕಡೆ ಹುಲ್ಲಿನ ಹೊಲದಾಗೈತಿ. ಭಾನುವಾರ ಮಷೀನು ಹಚ್ಚಿ ಒಂದ ದಿನದಾಗ ಪೂರಾ ಹುಲ್ಲು ಕೆಡವತೀನಿ ಅಂದ್ಯಲ್ಲ, ಅದಕ್ಕ ಬರಿಯಾಕತ್ತೀನಿ.

ಹೂವು ಬಿಟ್ಟಾಗ ಕೊಯ್ದ್ರ ಮೇವಿನಾಗ ಸತ್ವ ಇರತೈತಿ, ಬೀಜ ಕಟ್ಟಿದ ಮ್ಯಾಲ ಬರೇ ಕಡ್ಡಿ ಅಂತ ನೀ ಹೇಳಿದ್ದು ಖರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಕಲಿತು ಬಂದು ಊರಾಗ ಒಕ್ಕಲುತನ ಹಿಡಿದಾಕಿ ನನ್ನ ಮಗಳು ಅಂತ ಇಲ್ಲಿ ನರ್ಸಮ್ಮಗೂ ಹೇಳೀನಿ. ಪುಸ್ತಕದ ಬದನೆಕಾಯಿ ಅಂದದ್ದು ಸಿಟ್ಟಿನ ಮಾತು, ಮನಸಿಗೆ ಹಚ್ಚಿಕೋಬ್ಯಾಡ. ಆದ್ರ ನಮ್ಮ ಹೊಲ ಒಂದ ಹೊಲ ಅಲ್ಲವಾ. ಗುಡ್ಡದ ಕಡೆ ಮಸಾರಿ, ಕೆಂಪು ನೆಲ; ಹಳ್ಳದ ಕಡೆ ಎರಿ, ಕರೀ ನೆಲ.

ಮಸಾರಿಯಾಗ ಇರೋದು ಸೂಜಿ ಹುಲ್ಲು. ಅದಕ್ಕ ಭಾನುವಾರದ ತನಕಾನೂ ಕಾಯಬ್ಯಾಡ. ಆ ಕೆಂಗುರಿ ಕತಿ ನಿನಗ ಗೊತ್ತಿಲ್ಲ, ಆಗ ತೊಟ್ಟಿಲದಾಗಿದ್ದಿ. ಆ ವರ್ಷ ಮಳಿ ಬಿಡಲಿಲ್ಲ, ಹುಲ್ಲು ನಿಂತಲ್ಲೇ ಬಲೀತು, ಅದರಾಗ ಕುರಿ ಹೊಕ್ಕವು. ಆ ಬೀಜದ ಬಾಲ ಬಿಸಲಿಗೆ ಸುತ್ತತೈತಿ, ಹಸಿಗೆ ಬಿಚ್ಚತೈತಿ, ಹಂಗ ತಿರುವುತ್ತ ತಿರುವುತ್ತ ನೆಲದಾಗ ಇಳೀತೈತಿ. ನೆಲ ಸಿಗದಿದ್ರ ತೊಗಲಿನಾಗ. ಒಂದು ಕುರಿ ಮೇಯೋದ ಬಿಡ್ತು. ಬಾಯಿ ತೆರೆದು ನೋಡಿದ್ರ ವಸಡಿನ ತುಂಬ ಸೂಜಿ. ನಿಮ್ಮಪ್ಪ ಮಣಕಾಲಾಗ ಅದನ್ನ ಅಮುಕಿ ಹಿಡಿದ, ನಾ ಕಂದೀಲು ಇಟಗೊಂಡು ಚಿಮಟಿಲೆ ಕಿತ್ತೆ. ಕಿತ್ತಷ್ಟೂ ಇರತಿದ್ದವು. ಕೆಚ್ಚಲಕ್ಕೂ ಚುಚ್ಚಿದ್ದವು, ಮರಿ ಬಾಯಿ ಹಾಕಿದ್ರ ತಾಯಿ ಒದೀತಿತ್ತು. ಮರಿ ಒದರೋದು, ತೊಟ್ಟಿಲದಾಗ ನೀ ಒದರೋದು. ನಾಲಿಗಿ ಬುಡದಾಗ ಒಂದು ಸೂಜಿ ಇತ್ತು ನೋಡು, ಬೆಳಗಾತನ ಚಿಮಟಕ್ಕ ಸಿಗಲಿಲ್ಲ. ಈಗೂ ತೆನಿ ಕೆಂಪಾತು ಅಂದ್ರ ಆ ವಸಡ ಕಣ್ಣಿಗೆ ಬರತೈತಿ. ಕುರಿ ಉಳೀತೇನು ಅಂತ ಕೇಳಬ್ಯಾಡ.

ಎರಿ ಕಡೇದು ಮಾತ್ರ ಕಾಯಬೇಕು. ಮ್ಯಾಲ ಬಿಸಲಿದ್ರೂ ಎರಿ ಒಳಗ ಹಸಿ ಹಿಡಕೊಂಡಿರತೈತಿ, ಕೊಯ್ದು ಹಾಸಿದ ಹುಲ್ಲು ಕೆಳಗಿಂದ ಬೆವರತೈತಿ. ಅದನ್ನ ಬಣವಿ ಒಟ್ಟಿದ್ರ ಒಳಗ ಕಾವು ಕುಂದ್ರತೈತಿ, ಬೂಸರ ಹಿಡೀತೈತಿ, ದನ ಮೂಸಿ ಬಿಡತಾವು. ಎಂಟು ದಿನ ತಡ ಆದ್ರ ಸತ್ವ ಒಂದೀಟು ಇಳೀತೈತಿ, ಇಳೀಲಿ. ಹಸ್ತ ಮುಗದು ಅಕ್ಟೋಬರ್ 10ರ ಸುತ್ತ ಚಿತ್ತಿ ಮಳಿ ಹುಟ್ಟತೈತಿ, ಅದು ಏನು ಮಾಡತೈತಿ ನೋಡು. ಇಬ್ಬನಿ ಆರಿದ ಮ್ಯಾಲ ಕುಡಗೋಲು ಹಾಕು. ಬುಡದಾಗ ನಾಕ ಬಟ್ಟು ಬಿಡು, ಮತ್ತ ಚಿಗೀತೈತಿ. ಹಿಡಿ ತಿರುವಿದ್ರ ಪಟಕ್ ಅಂತ ಮುರೀಬೇಕು, ಆಮ್ಯಾಲ ಸಿವುಡು ಕಟ್ಟು. ಹಳ್ಳದ ದಂಡಿಗೆ ಒಂದು ಪಟ್ಟಿ ಮುಟ್ಟಬ್ಯಾಡ, ಬೀಜಕ್ಕೂ ಆತು, ಪುರಲಿ ಹಕ್ಕಿಗೂ ಆತು. ಕಾಲಾಗ ಬೂಟು ಹಾಕ್ಕೊ. ಇದೆಲ್ಲಾ ನಿನಗ ಗೊತ್ತಿಲ್ಲೇನು? ಗೊತ್ತೈತಿ. ಇಲ್ಲಿ ಕುಂತು ನಾ ಮತ್ತೇನು ಮಾಡಲಿ.

2023ರಾಗ ರಾಜ್ಯದ 236 ತಾಲ್ಲೂಕಿನಾಗ 223 ಬರದ ಪಟ್ಟಿಗೆ ಹೋದಾಗ ನಮ್ಮ ಎತ್ತು ಹೆಂಗ ಉಳಿದವು ಅನ್ನೋದು ನಿನಗ ಹೇಳೂದು ಬ್ಯಾಡ. ನಿಮ್ಮಪ್ಪ ತೀರಿದ ಮ್ಯಾಲಿನ ಮಾತೂ ಬ್ಯಾಡ.

ಕೂಲಿಗೆ ಹೆಣ್ಮಕ್ಕಳು ಸಿಗಂಗಿಲ್ಲ ಅಂದಿ. ಬೆಳಿಗ್ಗೆ ಹೋಗಿ ಕೇಳಿದ್ರ ಸಿಗತಾರ, ಫೋನಿನ್ಯಾಗ ಕೇಳಿದ್ರ ಸಿಗಂಗಿಲ್ಲ. ಅವರ ರೊಕ್ಕ ದೀಪಾವಳಿ ಮೊದಲು ಮುಟ್ಟಿಸು. ಮಷೀನು ತರಲೇಬೇಕು ಅಂದ್ರ ಚಿತ್ತಿ ಮಳಿ ಹೊಳವಾದ ಮ್ಯಾಲ ಎರಿ ಕಡೆ ಹಚ್ಚು. ಮಸಾರಿಯಾಗ ಬ್ಲೇಡಿಗೆ ಸಿಕ್ಕ ಕಲ್ಲು ಸಿಡದು ಕಣ್ಣಿಗೆ ಬಡೀತೈತಿ, ಅಲ್ಲಿ ಕುಡಗೋಲ ಆಗಬೇಕು. ಇದಕ್ಕಿಂತ ಹೆಚ್ಚು ನಾ ಬಗ್ಗಂಗಿಲ್ಲ.

ನಿಮ್ಮವ್ವ