ಪುಲಿಟ್ಜರ್ ಬಗ್ಗೆ ಕೇಳಿದ್ದೆಯಲ್ಲ

ಪ್ರೀತಿಯ ತಮ್ಮಾ,

ಹಾಸ್ಟೆಲ್ ಮಕ್ಕಳ ಊಟದ ಬಗ್ಗೆ ನೀನು ಬರೆದ ವರದಿ ತಲುಪಿತು. ಜೊತೆಗೆ ನಿನ್ನ ಪ್ರಶ್ನೆಯೂ ಬಂತು. ಪುಲಿಟ್ಜರ್‌ನಂಥ ಪ್ರಶಸ್ತಿ ಬರುವ ಹಾಗೆ ಬರೆಯುವುದು ಹೇಗೆ, ಗೆದ್ದವರೆಲ್ಲ ಏನು ಮಾಡಿದರು, ಸ್ವಲ್ಪ ಹೇಳಿ ಸರ್ ಅಂತ ಕೇಳಿದ್ದೀಯ. ಕೇಳಿದ್ದು ಒಳ್ಳೆಯದಾಯಿತು. ಅದು ಅಮೆರಿಕದವರು ಪತ್ರಿಕೋದ್ಯಮಕ್ಕೆ ಕೊಡುವ ದೊಡ್ಡ ಪ್ರಶಸ್ತಿ. ಕನ್ನಡ ಪತ್ರಿಕೆಯಲ್ಲಿ ಬಂದ ವರದಿಗೆ ಸಿಗುವಂಥದ್ದಲ್ಲ ಅಂತ ನಿನಗೂ ಗೊತ್ತು. ಆದರೂ ಅದರ ಚರಿತ್ರೆ ಪ್ರತಿ ವರದಿಗಾರನಿಗೂ ಗೊತ್ತಿರಬೇಕು. ಗೆದ್ದವರಿಂದ ಕಲಿಯುವುದು ಎಷ್ಟಿದೆಯೋ, ಗೆದ್ದು ವಾಪಸ್ ಕೊಟ್ಟವರಿಂದ ಕಲಿಯುವುದೂ ಅಷ್ಟೇ ಇದೆ.

ಆ ಪ್ರಶಸ್ತಿ ಇಟ್ಟ ಜೋಸೆಫ್ ಪುಲಿಟ್ಜರ್ ಹುಟ್ಟಿದ್ದು 1847ರಲ್ಲಿ, ಹಂಗೆರಿಯ ಮಾಕೋ ಎಂಬ ಊರಿನಲ್ಲಿ. 1864ರಲ್ಲಿ ಅಮೆರಿಕಕ್ಕೆ ಬಂದರು, ಅಲ್ಲಿನ ಅಂತರ್ಯುದ್ಧಕ್ಕೆ ಸೈನಿಕರಾಗಿ. ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಸೇಂಟ್ ಲೂಯಿಸ್‌ನ ಒಂದು ಜರ್ಮನ್ ಪತ್ರಿಕೆಯಲ್ಲಿ ವರದಿಗಾರಿಕೆ ಶುರು ಮಾಡಿದರು. 1883ರಲ್ಲಿ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯನ್ನು ಕೊಂಡರು. ಎರಡು ವರ್ಷ ಆದ ಮೇಲೆ ಒಂದು ಕೆಲಸ ಮಾಡಿದರು ನೋಡು. ಲಿಬರ್ಟಿ ಪ್ರತಿಮೆಯನ್ನು ಫ್ರಾನ್ಸ್‌ನವರು ಕೊಟ್ಟಿದ್ದರು, ಅದನ್ನು ನಿಲ್ಲಿಸುವ ಪೀಠಕ್ಕೆ ದುಡ್ಡಿರಲಿಲ್ಲ. ಪುಲಿಟ್ಜರ್ ಪತ್ರಿಕೆಯಲ್ಲಿ ಜನರ ಹತ್ತಿರ ಚಂದಾ ಕೇಳಿದರು. ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಕೊಟ್ಟವರ ಹೆಸರು ಹಾಕುತ್ತೇವೆ ಅಂದರು. ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಕೊಟ್ಟವರಲ್ಲಿ ಬಹಳಷ್ಟು ಮಂದಿ ಒಂದು ಡಾಲರ್‌ಗಿಂತ ಕಡಿಮೆ ಕೊಟ್ಟವರು. ಓದುಗರನ್ನು ನಂಬಿದ ಮನುಷ್ಯ ಅವರು.

ಅದೇ ಮನುಷ್ಯ ಹತ್ತು ವರ್ಷ ಕಳೆಯುವಷ್ಟರಲ್ಲಿ ಹರ್ಸ್ಟ್ ಎಂಬ ಇನ್ನೊಬ್ಬ ಪತ್ರಿಕಾ ಮಾಲೀಕರ ಜೊತೆ ಪೈಪೋಟಿಗೆ ಬಿದ್ದರು. ಪ್ರಸಾರಕ್ಕಾಗಿ ಸುದ್ದಿಗೆ ಉಪ್ಪುಖಾರ ಹಚ್ಚುವುದು ದಿನದ ಕೆಲಸವಾಯಿತು. ಪೀತ ಪತ್ರಿಕೋದ್ಯಮ ಅಂತ ನಾವು ಇವತ್ತಿಗೂ ಬೈಯುತ್ತೇವಲ್ಲ, ಅದು ಶುರುವಾಗಿದ್ದು ಅಲ್ಲಿಂದ. 1898ರಲ್ಲಿ, ಆಗ ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ 'ಮೇನ್' ಸ್ಫೋಟಗೊಂಡಾಗ, ಕಾರಣ ಗೊತ್ತಾಗುವ ಮೊದಲೇ ಎರಡೂ ಪತ್ರಿಕೆಗಳು ಸ್ಪೇನ್ ಕಡೆ ಬೆರಳು ತೋರಿಸಿದವು.

ಆ ಪಾಪ ತೊಳೆಯೋದಕ್ಕೆ ಪ್ರಶಸ್ತಿ ಇಟ್ಟರು ಅಂತ ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1892ರಲ್ಲೇ ಅವರು ನ್ಯೂಯಾರ್ಕ್ ನಗರದ ಕೊಲಂಬಿಯಾ ಎಂಬ ಶಿಕ್ಷಣ ಸಂಸ್ಥೆಗೆ ಹೋಗಿ, ದುಡ್ಡು ಕೊಡುತ್ತೇನೆ, ಪತ್ರಿಕೋದ್ಯಮ ಕಲಿಸುವ ಶಾಲೆ ತೆರೆಯಿರಿ ಅಂದಿದ್ದರು. ಸಂಸ್ಥೆಯವರು ಆಗ ಒಪ್ಪಲಿಲ್ಲ. ಅಂದರೆ 1898ರ ಅಮೆರಿಕ-ಸ್ಪೇನ್ ಯುದ್ಧದ ಗಲಾಟೆಗೆ ಮುಂಚೆಯೇ ಆ ಆಸೆ ಇತ್ತು. ಒಳ್ಳೆಯ ಪತ್ರಿಕೋದ್ಯಮ ಅಂದರೇನು ಅಂತ ಗೊತ್ತಿದ್ದವರೂ ಪೈಪೋಟಿಯಲ್ಲಿ ಜಾರುತ್ತಾರೆ. ಇದನ್ನು ನೀನು ಚೆನ್ನಾಗಿ ಗಮನಿಸಬೇಕು. ಕೊನೆಗೆ ದೃಷ್ಟಿ ಹೋಗಿ, ಕಾರ್ಯದರ್ಶಿಗಳಿಂದ ಪತ್ರಿಕೆ ಓದಿಸಿಕೊಳ್ಳುತ್ತಾ ದಿನ ಕಳೆದರು. 1911ರಲ್ಲಿ ತೀರಿಕೊಂಡರು. ಉಯಿಲಿನ ಪ್ರಕಾರ 1912ರಲ್ಲಿ ಕೊಲಂಬಿಯಾದಲ್ಲಿ ಶಾಲೆ ಬಂತು, 1917ರ ಜೂನ್‌ನಲ್ಲಿ ಮೊದಲ ಪ್ರಶಸ್ತಿಗಳು ಬಂದವು. ವರದಿಗಾರಿಕೆಯ ಮೊದಲ ಪ್ರಶಸ್ತಿ ಹರ್ಬರ್ಟ್ ಬೇಯರ್ಡ್ ಸ್ವೋಪ್ ಅವರಿಗೆ, ಯುದ್ಧಕಾಲದ ಜರ್ಮನಿಯ ಒಳಗಿನ ಸ್ಥಿತಿ ಬರೆದಿದ್ದಕ್ಕೆ. ಅವರು 'ವರ್ಲ್ಡ್' ಪತ್ರಿಕೆಯವರೇ.

ಈಗ 1981ಕ್ಕೆ ಬರುತ್ತೇನೆ. ನಿನಗೆ ಈ ಪತ್ರ ಬರೆಯಲು ಕೂತಿದ್ದೇ ಇದಕ್ಕಾಗಿ.

1980ರ ಸೆಪ್ಟೆಂಬರ್ 28ರಂದು 'ವಾಷಿಂಗ್ಟನ್ ಪೋಸ್ಟ್' ಮುಖಪುಟದಲ್ಲಿ ಜಾನೆಟ್ ಕುಕ್ ಎಂಬ ಯುವ ವರದಿಗಾರ್ತಿಯ ಬರಹ ಬಂತು. ಜಿಮ್ಮಿ ಎಂಬ ಎಂಟು ವರ್ಷದ ಹುಡುಗ, ಹೆರಾಯಿನ್‌ಗೆ ಅಂಟಿಕೊಂಡಿದ್ದಾನೆ, ಮನೆಯವರ ಎದುರಿಗೇ ಅವನ ತೋಳಿಗೆ ಸೂಜಿ ಚುಚ್ಚುತ್ತಾರೆ. ಊರೆಲ್ಲ ತಲ್ಲಣಿಸಿತು. ಪೊಲೀಸರು ಹುಡುಗನನ್ನು ಹುಡುಕಿದರು. ಸಿಗಲಿಲ್ಲ. ಪತ್ರಿಕೆ ಮಾತ್ರ ತನ್ನ ವರದಿ ನಿಜ ಅಂತಲೇ ನಿಂತಿತು. ಮಾದಕವಸ್ತು ಮಾರುವವನು ಕೊಲೆ ಬೆದರಿಕೆ ಹಾಕಿದ್ದಾನೆ ಅಂತ ಕುಕ್ ಹೇಳಿದ್ದರು. ಹಾಗಾಗಿ ಹುಡುಗನ ನಿಜ ಹೆಸರು ಏನು, ಮನೆ ಎಲ್ಲಿ ಅಂತ ಸಂಪಾದಕರು ಒತ್ತಾಯ ಮಾಡಲಿಲ್ಲ. ಅದೇ ಪತ್ರಿಕೆಯ ಕೋರ್ಟ್‌ಲ್ಯಾಂಡ್ ಮಿಲಾಯ್ ಎಂಬ ವರದಿಗಾರ ಆಕೆಯ ಜೊತೆ ಕಾರಿನಲ್ಲಿ ಆ ಬಡಾವಣೆ ಸುತ್ತಿದರು. ಆಕೆಗೆ ಮನೆ ಗುರುತು ಸಿಗಲಿಲ್ಲ. ಮಿಲಾಯ್ ತಮ್ಮ ಅನುಮಾನವನ್ನು ಮೇಲಿನವರ ಕಿವಿಗೆ ಹಾಕಿದರು. ಹೊಟ್ಟೆಕಿಚ್ಚಿಗೆ ಹೇಳ್ತಿರಬಹುದು ಅಂತ ಅದನ್ನು ಪಕ್ಕಕ್ಕಿಟ್ಟರು.

ಬರಹ ಪುಲಿಟ್ಜರ್‌ಗೆ ಹೋಯಿತು. ಕಳಿಸಿದ್ದು ಸ್ಥಳೀಯ ಸುದ್ದಿ ವಿಭಾಗಕ್ಕೆ. ಪ್ರಶಸ್ತಿ ಮಂಡಳಿ ಅದನ್ನು ಫೀಚರ್ ವಿಭಾಗಕ್ಕೆ ಸರಿಸಿ ಅಲ್ಲಿ ಪ್ರಶಸ್ತಿ ಕೊಟ್ಟಿತು. ಫೀಚರ್ ವಿಭಾಗದ ತೀರ್ಪುಗಾರರು ಅದನ್ನು ಪರಿಶೀಲಿಸಿಯೇ ಇರಲಿಲ್ಲ. 1981ರ ಏಪ್ರಿಲ್ 13ಕ್ಕೆ ಘೋಷಣೆ. ಗೆದ್ದವರ ಕಿರುಪರಿಚಯ ಎಲ್ಲ ಪತ್ರಿಕೆಗಳಿಗೂ ಹೋಯಿತು. ಆಕೆ ಹಿಂದೆ ಕೆಲಸ ಮಾಡಿದ್ದ ಟೊಲೀಡೋ ಊರಿನ ಪತ್ರಿಕೆಯವರು ಅದನ್ನು ನೋಡಿ, ಇದು ನಮಗೆ ಗೊತ್ತಿರುವ ವಿವರಕ್ಕೆ ಹೊಂದುತ್ತಿಲ್ಲವಲ್ಲ ಅಂದರು. ವಾಸರ್ ಕಾಲೇಜಿನ ಪದವಿ ಅಂತ ಇತ್ತು. ಆಕೆ ಅಲ್ಲಿ ಓದಿದ್ದು ಒಂದೇ ವರ್ಷ. ಒಂದು ದಾರ ಎಳೆದರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುವ ಹಾಗೆ ಒಂದೊಂದೇ ಬಿಚ್ಚಿಕೊಂಡಿತು. ಜಿಮ್ಮಿ ಎಂಬ ಹುಡುಗನೇ ಇರಲಿಲ್ಲ. ಆಕೆ ಒಪ್ಪಿಕೊಂಡರು, ರಾಜೀನಾಮೆ ಕೊಟ್ಟರು, ಪ್ರಶಸ್ತಿ ವಾಪಸ್ ಹೋಯಿತು. ಆ ವರ್ಷದ ಪ್ರಶಸ್ತಿ 'ವಿಲೇಜ್ ವಾಯ್ಸ್' ಪತ್ರಿಕೆಯ ತೆರೇಸಾ ಕಾರ್ಪೆಂಟರ್ ಅವರಿಗೆ ಸಿಕ್ಕಿತು. 'ಪೋಸ್ಟ್' ಪತ್ರಿಕೆಯ ಓದುಗರ ಪ್ರತಿನಿಧಿ ಬಿಲ್ ಗ್ರೀನ್, ತಮ್ಮಲ್ಲಿ ಎಲ್ಲೆಲ್ಲಿ ಎಡವಿದರು ಅಂತ ಪುಟಗಟ್ಟಲೆ ಬರೆದು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪತ್ರಿಕೆಯ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಆ ವರದಿಯಿಂದ.

ನೋಡು, ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದುಕೊಂಡ ವಾಟರ್‌ಗೇಟ್ ಹಗರಣ ಬಯಲಿಗೆಳೆದು 1973ರಲ್ಲಿ ಪುಲಿಟ್ಜರ್‌ನ ಸಾರ್ವಜನಿಕ ಸೇವಾ ಪದಕ ಪಡೆದ ಪತ್ರಿಕೆ ಅದು. ಆ ವರದಿ ಮಾಡಿದ ಬಾಬ್ ವುಡ್‌ವರ್ಡ್ ಅವರೇ ಆಗ ನಗರ ಸುದ್ದಿಯ ಮುಖ್ಯಸ್ಥರು. ಅಷ್ಟು ದೊಡ್ಡವರಿದ್ದ ಕಡೆಯೂ ಒಂದು ಸಾದಾ ಪ್ರಶ್ನೆ ಕೇಳದೆ ಉಳಿಯಿತು: ಆ ಹುಡುಗನ ಮನೆ ಎಲ್ಲಿ, ತೋರಿಸು. ಪ್ರಶಸ್ತಿ ಸಮಿತಿ ಇದನ್ನು ಕೇಳುವುದಿಲ್ಲ. ಅವರ ಕೈಯಲ್ಲಿರುವುದು ಅಚ್ಚಾದ ಪುಟ ಮಾತ್ರ. ಇದನ್ನು ಡೆಸ್ಕ್‌ನಲ್ಲೇ ಕೇಳಬೇಕು, ಅಚ್ಚಿಗೆ ಹೋಗುವ ಮೊದಲೇ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ವರದಿಯ ಶುರುವಿನಲ್ಲಿ ಒಬ್ಬ ಹುಡುಗ ಬರುತ್ತಾನೆ, ಹೆಸರು ಬದಲಿಸಲಾಗಿದೆ ಅಂತ ಹಾಕಿದ್ದೀಯ. ಬದಲಿಸಿದ್ದು ಸರಿ, ಮಕ್ಕಳ ವಿಷಯದಲ್ಲಿ ಬದಲಿಸಲೇಬೇಕು. ಆದರೆ ಬದಲಿಸೋದಕ್ಕೆ ಒಂದು ನಿಜವಾದ ಹೆಸರು ಇರಬೇಕಲ್ವಾ? ಎರಡನೇ ಪ್ಯಾರಾದಲ್ಲಿ ಅವನು ಏಳನೇ ಕ್ಲಾಸು. ಮುಂದೆ ಬರುವಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾನೆ. ರಾತ್ರಿ ದೀಪ ಆರಿದ ಮೇಲೆ ಹಸಿವಿಗೆ ಅತ್ತ ಅಂತ ಬರೆದಿದ್ದೀಯ. ನೀನು ಅಲ್ಲಿದ್ದೆಯಾ, ಅವನು ಹೇಳಿದ್ದಾ, ಪಕ್ಕದ ಹುಡುಗ ಹೇಳಿದ್ದಾ? ಮೂರು ನಾಲ್ಕು ಮಕ್ಕಳ ಮಾತನ್ನು ಸೇರಿಸಿ ಒಬ್ಬನ ಬಾಯಲ್ಲಿ ಇಟ್ಟಿದ್ದೀಯ ಅಂತ ನನ್ನ ಅನುಮಾನ. ನಿನ್ನ ಉದ್ದೇಶ ಒಳ್ಳೆಯದೇ. ಓದುಗರ ಮನಸ್ಸಿಗೆ ತಟ್ಟಲಿ ಅಂತ ಮಾಡಿದ್ದೀಯ. ಆದರೆ ವಾರ್ಡನ್ ನಾಳೆ, ಇಂಥ ಹುಡುಗ ನಮ್ಮಲ್ಲಿ ಇಲ್ಲ ಅಂತ ಒಂದು ಸ್ಪಷ್ಟನೆ ಕೊಟ್ಟರೆ ಸಾಕು. ನಿಜವಾಗಿ ಹಸಿದಿದ್ದ ಆ ನಾಲ್ಕೂ ಮಕ್ಕಳ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ. ನಾಲ್ವರನ್ನು ನಾಲ್ವರಾಗಿಯೇ ಬರೆ. ಒಬ್ಬ ಎರಡೇ ಮಾತು ಆಡಿದ್ದರೆ ಎರಡೇ ಮಾತು ಇರಲಿ.

ಹಾಗಾದರೆ ಬರಹಕ್ಕೆ ಬಲ ಎಲ್ಲಿಂದ ಬರಬೇಕು ಅಂತೀಯಾ? 2003ರಲ್ಲಿ ಸಾರ್ವಜನಿಕ ಸೇವಾ ಪದಕ ಗೆದ್ದ 'ಬಾಸ್ಟನ್ ಗ್ಲೋಬ್' ಏನು ಮಾಡಿತು ನೋಡು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಚರ್ಚಿನ ಹಿರಿಯರೇ ಸದ್ದಿಲ್ಲದೆ ಊರಿಂದ ಊರಿಗೆ ಕಳಿಸುತ್ತಿದ್ದರು. ಗ್ಲೋಬ್‌ನವರು ಮುಚ್ಚಿಟ್ಟಿದ್ದ ದಾಖಲೆಗಳಿಗಾಗಿ ಕೋರ್ಟಿಗೆ ಹೋದರು. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಯಾವ ಪಾದ್ರಿ ಯಾವ ಚರ್ಚಿನಲ್ಲಿದ್ದಾರೆ ಅಂತ ತಿಳಿಸುವ ವಾರ್ಷಿಕ ಕೈಪಿಡಿ ಚರ್ಚಿನವರೇ ಅಚ್ಚು ಹಾಕುತ್ತಿದ್ದರು. ಹಳೆಯ ಕೈಪಿಡಿಗಳನ್ನೆಲ್ಲ ತಂದು, ಅನಾರೋಗ್ಯ ರಜೆ, ಸದ್ಯಕ್ಕೆ ನೇಮಕವಿಲ್ಲ ಅಂತ ಯಾರ ಹೆಸರಿನ ಮುಂದೆ ಇದೆ ಅಂತ ಸಾಲು ಸಾಲಾಗಿ ಪಟ್ಟಿ ಮಾಡಿದರು. ಕೈಪಿಡಿಯಲ್ಲಿ ಗುಟ್ಟೇನೂ ಇರಲಿಲ್ಲ. ಯಾರು ಬೇಕಾದರೂ ಓದಬಹುದಾಗಿತ್ತು. ಕೂತು ಓದಿದವರು ಇವರು.

ನಿನ್ನ ಹಾಸ್ಟೆಲ್‌ನಲ್ಲೂ ಅಂಥ ಪುಸ್ತಕಗಳಿವೆ. ಹಾಜರಾತಿ ಪುಸ್ತಕ ಇದೆ. ಅಕ್ಕಿ, ಬೇಳೆ, ಎಣ್ಣೆ ಎಷ್ಟು ಬಂತು, ಎಷ್ಟು ಅಡುಗೆಗೆ ಹೋಯಿತು ಅನ್ನುವ ದಾಸ್ತಾನು ಪುಸ್ತಕ ಇದೆ. ಆ ಮಕ್ಕಳು ಓದುವ ಶಾಲೆಯಲ್ಲಿ ಇನ್ನೊಂದು ಹಾಜರಾತಿ ಇದೆ. ಹಬ್ಬಕ್ಕೆ ಮಕ್ಕಳೆಲ್ಲ ಊರಿಗೆ ಹೋದ ದಿನಗಳನ್ನು ತಗೋ. ಶಾಲೆಯಲ್ಲಿ ಗೈರು, ಹಾಸ್ಟೆಲ್‌ನಲ್ಲಿ ಹಾಜರು, ಅಕ್ಕಿ ಮಾತ್ರ ಖರ್ಚು, ಹೀಗೆ ಬಂದರೆ ನಿನ್ನ ವರದಿ ಅಲ್ಲಿದೆ. ಹಾಸ್ಟೆಲ್ ನಡೆಸುವ ಇಲಾಖೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕು. 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ. ಅಷ್ಟು ದಿನ ಕಾಯೋದಾ ಅಂತ ಅನ್ನಿಸುತ್ತದೆ. ಕಾಯಿ.

ಎದುರಿಗಿರುವವರ ಲೆಕ್ಕದಿಂದಲೇ ಎದುರಿಗಿರುವವರನ್ನು ಪ್ರಶ್ನಿಸುವುದನ್ನು ಐಡಾ ಬಿ. ವೆಲ್ಸ್ ಅವರಷ್ಟು ಚೆನ್ನಾಗಿ ಮಾಡಿದವರು ಕಡಿಮೆ. 1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಹೆಣ್ಣುಮಗಳು. 1892ರಲ್ಲಿ ಮೆಂಫಿಸ್‌ನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ಆಕೆಯ ಸ್ನೇಹಿತನನ್ನೂ ಇನ್ನಿಬ್ಬರನ್ನೂ ಬಿಳಿಯರ ಗುಂಪು ಕೊಂದು ಹಾಕಿತು. ಆಕೆ ತನ್ನ ಪತ್ರಿಕೆಯಲ್ಲಿ ಬರೆದರು. ಆಕೆ ಊರಲ್ಲಿಲ್ಲದ ಹೊತ್ತು ನೋಡಿ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿದರು. ಆಕೆ ಬಿಡಲಿಲ್ಲ. ಗುಂಪು ಹತ್ಯೆಗಳ ಅಂಕಿಅಂಶಗಳನ್ನು ಬಿಳಿಯರ ಪತ್ರಿಕೆಯಾದ 'ಷಿಕಾಗೋ ಟ್ರಿಬ್ಯೂನ್'ನಿಂದಲೇ ತೆಗೆದುಕೊಂಡು 1895ರಲ್ಲಿ ಕಿರುಪುಸ್ತಕ ತಂದರು. ಕರಿಯರು ಉತ್ಪ್ರೇಕ್ಷೆ ಮಾಡುತ್ತಾರೆ ಅಂತ ಯಾರೂ ಬಾಯಿ ತೆಗೆಯದ ಹಾಗೆ ಮಾಡಿದರು. ಆಕೆ ತೀರಿಕೊಂಡಿದ್ದು 1931ರಲ್ಲಿ. ಪುಲಿಟ್ಜರ್ ಮಂಡಳಿ ಆಕೆಗೆ ವಿಶೇಷ ಗೌರವ ಕೊಟ್ಟಿದ್ದು 2020ರಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆಕೆ ಬದುಕಿದ್ದಾಗ, 1917ರಿಂದ ಎಷ್ಟೋ ಸಲ ಪ್ರಶಸ್ತಿ ಕೊಟ್ಟರು. ಆಕೆಯ ಕಡೆ ನೋಡಲಿಲ್ಲ.

ಆಕೆ ತೀರಿಕೊಂಡ ಮರುವರ್ಷವೇ, 1932ರಲ್ಲಿ, 'ನ್ಯೂಯಾರ್ಕ್ ಟೈಮ್ಸ್'ನ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿ ಅವರಿಗೆ ಪ್ರಶಸ್ತಿ ಸಿಕ್ಕಿತು. ಸ್ಟಾಲಿನ್ ಸರ್ಕಾರದ ಪಂಚವಾರ್ಷಿಕ ಯೋಜನೆಯ ಬಗ್ಗೆ ಬರೆದಿದ್ದಕ್ಕೆ. ಅದೇ ಹೊತ್ತಿಗೆ ಉಕ್ರೇನ್‌ನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯತೊಡಗಿದರು. 1933ರಲ್ಲಿ ಗ್ಯಾರೆತ್ ಜೋನ್ಸ್ ಎಂಬ ಯುವ ಪತ್ರಕರ್ತ ಹಳ್ಳಿಗಳಲ್ಲಿ ನಡೆದಾಡಿ ನೋಡಿ ಬಂದು ಸತ್ಯ ಹೇಳಿದರೆ, ಡ್ಯುರಾಂಟಿ ಅದನ್ನು ಅಲ್ಲಗಳೆದು ಬರೆದರು. ಆ ಪ್ರಶಸ್ತಿ ವಾಪಸ್ ಪಡೆಯಿರಿ ಅಂತ 2003ರಲ್ಲಿ ದೊಡ್ಡ ಒತ್ತಾಯ ಬಂತು. ಮಂಡಳಿ ಪಡೆಯಲಿಲ್ಲ. ಪಡೆಯಬೇಕಿತ್ತು ಅಂತ ನಾನು ಹೇಳುತ್ತೇನೆ. ಜೋನ್ಸ್‌ಗೆ ಯಾವ ಪುಲಿಟ್ಜರೂ ಬರಲಿಲ್ಲ. ಹಸಿವಿನ ಬಗ್ಗೆ ಬರೆಯುವ ನೀನು ಓದಬೇಕಾದ್ದು ಜೋನ್ಸ್ ವರದಿಗಳನ್ನು.

ನಮ್ಮವರ ಬಗ್ಗೆಯೂ ಕೇಳಿದ್ದೆ. ಮೊದಲು ಗೆದ್ದ ಭಾರತೀಯ ದೆಹಲಿಯಲ್ಲಿ ಹುಟ್ಟಿದ ಗೋಬಿಂದ್ ಬಿಹಾರಿ ಲಾಲ್. ಬ್ರಿಟಿಷರ ವಿರುದ್ಧ ಅಮೆರಿಕದಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಚಳವಳಿಯಲ್ಲಿದ್ದವರು. ಹಾರ್ವರ್ಡ್ ವಿಶ್ವವಿದ್ಯಾಲಯದ 300ನೇ ವರ್ಷದ ಸಮಾರಂಭದಲ್ಲಿ ನಡೆದ ವಿಜ್ಞಾನ ಗೋಷ್ಠಿಗಳ ವರದಿಗೆ 1937ರಲ್ಲಿ ಅವರಿಗೂ ಇನ್ನು ನಾಲ್ವರಿಗೂ ಸೇರಿ ಬಂತು. ಐವರೂ ಬೇರೆ ಬೇರೆ ಸಂಸ್ಥೆಯವರು. ಇನ್ನು ಛಾಯಾಗ್ರಾಹಕ ಡ್ಯಾನಿಷ್ ಸಿದ್ದೀಕಿ. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗೆ 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ತಂಡಕ್ಕೆ ಬಂದ ಪ್ರಶಸ್ತಿಯಲ್ಲಿ ಅವರೂ ಒಬ್ಬರು. ದೋಣಿಯಿಂದ ಇಳಿದ ಒಬ್ಬ ಹೆಂಗಸು ಬಾಂಗ್ಲಾದೇಶದ ದಡದ ಮರಳನ್ನು ಕೈಯಿಂದ ಮುಟ್ಟುವ ಚಿತ್ರ ಅವರದು. ಎದ್ದು ಕಾಣುವ ಆಕ್ರಂದನ ಏನೂ ಅದರಲ್ಲಿಲ್ಲ. ಆ ಕೈಯನ್ನು ನೋಡು, ನಿನ್ನ ಶುರುವಿನ ಪ್ಯಾರಾ ಹೇಗಿರಬೇಕು ಅಂತ ಗೊತ್ತಾಗುತ್ತದೆ. 2021ರ ಜುಲೈನಲ್ಲಿ ಅಫ್ಗಾನಿಸ್ತಾನದಲ್ಲಿ ಅವರು ಕೊಲೆಯಾದರು. ಮರುವರ್ಷ ಭಾರತದ ಕೋವಿಡ್ ಚಿತ್ರಗಳಿಗೆ ಬಂದ ಪ್ರಶಸ್ತಿಯಲ್ಲೂ ಅವರ ಹೆಸರಿತ್ತು.

ನಮ್ಮ ದೇಶದಲ್ಲೂ 2006ರಿಂದ ರಾಮನಾಥ್ ಗೋಯೆಂಕಾ ಪ್ರಶಸ್ತಿ ಕೊಡುತ್ತಿದ್ದಾರೆ. ಭಾರತೀಯ ಭಾಷೆಗಳ ವರದಿಗಳಿಗೂ ಅಲ್ಲಿ ಜಾಗ ಇದೆ. ಕಳಿಸು, ನಾನು ಬೇಡ ಅನ್ನುವುದಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು.

ಈಗ ಮಾಡಬೇಕಾದ್ದು ಇಷ್ಟು. ಮಕ್ಕಳ ನಿಜ ಹೆಸರು, ಮಾತಾಡಿದ ದಿನ, ಯಾರ ಎದುರಿಗೆ ಮಾತಾಡಿದ್ದು, ಇವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಆ ನೋಟ್‌ಬುಕ್ ಆಫೀಸಿನ ಮೇಜಿನ ಮೇಲೆ ಬಿಡಬೇಡ, ಸಂಪಾದಕರಿಗೆ ಮಾತ್ರ ತೋರಿಸು. ಅವರು ಕೇಳದಿದ್ದರೂ ನೀನಾಗಿಯೇ ತೋರಿಸು. ನಿಮ್ಮ ಡೆಸ್ಕ್‌ನಲ್ಲಿ ಎಲ್ಲದಕ್ಕೂ ತಕರಾರು ತೆಗೆಯುವ ಉಪಸಂಪಾದಕರು ಒಬ್ಬರಿದ್ದೇ ಇರುತ್ತಾರೆ. ಮೊದಲ ಪ್ರತಿ ಅವರ ಕೈಗೆ ಕೊಡು. ವಾರ್ಡನ್‌ಗೆ ಫೋನ್ ಮಾಡಿ ಅವರ ಮಾತನ್ನೂ ತಗೋ. ಎತ್ತದಿದ್ದರೆ ಪ್ರಶ್ನೆಗಳನ್ನು ಬರೆದು ಕಳಿಸಿ, ಕಳಿಸಿದ ದಿನಾಂಕವನ್ನು ವರದಿಯಲ್ಲಿ ಹಾಕು. ಅಕ್ಕಿ ಲೆಕ್ಕ ಕೈಗೆ ಬಂದ ಕೂಡಲೇ ನನಗೊಂದು ಫೋನ್ ಮಾಡು. ಎರಡೂ ಹಾಜರಾತಿ ಪುಸ್ತಕಗಳ ನಕಲು ಹಿಡಿದುಕೊಂಡು ಮನೆಗೇ ಬಾ, ಒಟ್ಟಿಗೆ ಕೂತು ತಾಳೆ ನೋಡೋಣ.

ನಿನ್ನ,
ಹಿರಿಯ ಗೆಳೆಯ